ಮಾಡೆಲ್ ಮೇಲಿನ ತುಕ್ಕು ತುಕ್ಕಿನ ಹಾಗೆ ಕಾಣುತ್ತಿಲ್ಲವೇ? ತಪ್ಪು ಯಾವ ಪದರದಲ್ಲಿದೆ ಎಂದು ಹುಡುಕುವ ಬಗೆ

ಸ್ಕೇಲ್ ಮಾಡೆಲ್, ಅಂದರೆ ಟ್ಯಾಂಕ್, ವಿಮಾನ, ಹಡಗುಗಳ ಪುಟ್ಟ ಪ್ಲಾಸ್ಟಿಕ್ ಪ್ರತಿಕೃತಿ, ಕಟ್ಟಿ, ಬಣ್ಣ ಹೊಡೆದು, ಕೊನೆಗೆ ತುಕ್ಕು, ಧೂಳು, ಗೀರು ಹಾಕಲು ಕೂತಾಗಲೇ ಹೆಚ್ಚಿನ ಅನಾಹುತ ಆಗುವುದು. ವಾರಗಟ್ಟಲೆ ಮಾಡಿದ ಕೆಲಸ ಹತ್ತು ನಿಮಿಷದಲ್ಲಿ ಕೆಟ್ಟುಹೋದಂತೆ ಅನಿಸುತ್ತದೆ. ಆಗ ಕೈ ಸುಮ್ನೆ ಇರುವುದಿಲ್ಲ. ಇನ್ನೊಂದಿಷ್ಟು ಬಣ್ಣ ಹಚ್ಚುತ್ತೇವೆ, ಇನ್ನೊಂದಿಷ್ಟು ಥಿನ್ನರ್ ಹಾಕಿ ಒರೆಸುತ್ತೇವೆ. ಸಣ್ಣ ಕಲೆಯಾಗಿದ್ದದ್ದು ಪ್ಲಾಸ್ಟಿಕ್ ಕಾಣುವಷ್ಟು ದೊಡ್ಡ ಗಾಯವಾಗುತ್ತದೆ.

ಇಂಥ ಗಾಯಗಳನ್ನು ಸಾಕಷ್ಟು ಸರಿಮಾಡಿದ ಮೇಲೆ ನನಗೆ ಗಟ್ಟಿಯಾದ ಮಾತು ಒಂದೇ. ತಪ್ಪು ಕಾಣುವುದು ಮೇಲಿನ ಪದರದಲ್ಲಿ, ಆದರೆ ಅದರ ಬೇರು ಸಾಮಾನ್ಯವಾಗಿ ಅದರ ಕೆಳಗಿನ ಪದರದಲ್ಲಿ ಇರುತ್ತದೆ. ವಾಶ್, ಅಂದರೆ ಸಂದುಗಳಿಗೆ ಇಳಿಸುವ ನೀರಿನಷ್ಟು ತೆಳು ಬಣ್ಣ, ಕಲೆಗಟ್ಟಿದರೆ ಅದರ ಬಾಟಲಿಯನ್ನು ಬೈಯುತ್ತೇವೆ, ಆದರೆ ಕಾರಣ ಕೆಳಗಿನ ವಾರ್ನಿಷ್. ಸವೆದಂತೆ ಕಾಣಲು ಬೇಕೆಂದೇ ಎಬ್ಬಿಸುವ ಬಣ್ಣ ಚಕ್ಕೆ ಏಳದಿದ್ದರೆ ಬ್ರಷ್ ಅನ್ನು ಬೈಯುತ್ತೇವೆ, ಆದರೆ ಕಾರಣ ಕೆಳಗಿನ ಹೇರ್‌ಸ್ಪ್ರೇ. ಹಾಗಾಗಿ ಸರಿಮಾಡುವ ಮೊದಲು ಯಾವ ಪದರ ಎಂದು ಗೊತ್ತಾಗಬೇಕು.

ಮೊದಲು ಮಾಡಬೇಕಾದ ಪರೀಕ್ಷೆ

ಒದ್ದೆ ಮಾಡೆಲ್ ನೋಡಿ ಗಾಬರಿಯಾಗಬೇಡಿ. ಒದ್ದೆ ಇರುವಾಗ ವಾಶ್ ಗಾಢವಾಗಿ ಹೊಳೆಯುತ್ತದೆ, ಪಿಗ್ಮೆಂಟ್ ಪುಡಿ, ಅಂದರೆ ಧೂಳು, ತುಕ್ಕು ತೋರಿಸಲು ಹಾಕುವ ಬಣ್ಣದ ಪುಡಿ, ಕೆಸರಿನ ಹಾಗೆ ಕಾಣುತ್ತದೆ. ಒಣಗಿದರೆ ಎರಡೂ ತಿಳಿಯಾಗುತ್ತವೆ. ಇನಾಮೆಲ್ ಅಥವಾ ಆಯಿಲ್ ಬಣ್ಣವಾಗಿದ್ದರೆ ಒಂದು ರಾತ್ರಿ ಬಿಡಿ. ಬೆಳಿಗ್ಗೆಯೂ ಅದು ವೈಟ್ ಸ್ಪಿರಿಟ್‌ಗೆ, ಅಂದರೆ ಮಿನರಲ್ ಟರ್ಪೆಂಟೈನ್‌ಗೆ, ಕರಗುವಷ್ಟು ಸಡಿಲವಾಗಿಯೇ ಇರುತ್ತದೆ. ಕಾದದ್ದರಿಂದ ನಷ್ಟವೇನೂ ಇಲ್ಲ.

ಆಮೇಲೆ ಮೇಜಿನ ದೀಪವನ್ನು ಪಕ್ಕಕ್ಕೆ ಇಳಿಸಿ. ಬೆಳಕು ಮಾಡೆಲ್ ಮೇಲ್ಮೈಯನ್ನು ಸವರಿಕೊಂಡು ಹೋಗಬೇಕು. ಓರೆ ಬೆಳಕಿನಲ್ಲಿ ಅಂಚು, ಬಿರುಕು, ಉಬ್ಬು ಕಂಡರೆ ದೋಷ ಮೇಲ್ಮೈಯದ್ದು. ಮೇಲ್ಮೈ ನುಣ್ಣಗಿದ್ದು ಕಲೆ ಮಾತ್ರ ಕಂಡರೆ ದೋಷ ಬಣ್ಣದ್ದು. ಈ ವ್ಯತ್ಯಾಸ ಮುಖ್ಯ, ಯಾಕೆಂದರೆ ಮೇಲ್ಮೈಯ ದೋಷ ಎಷ್ಟು ಬಣ್ಣ ಹಚ್ಚಿದರೂ ಹೋಗುವುದಿಲ್ಲ.

ಮೂರನೆಯದು ಹತ್ತಿ ಕಡ್ಡಿ ಪರೀಕ್ಷೆ. ಕಿವಿಗೆ ಬಳಸುವ ಮಾಮೂಲಿ ಬಡ್ಸ್ ಸಾಕು. ಮಾಡೆಲ್‌ನ ಅಡಿಯಲ್ಲಿ, ಯಾರಿಗೂ ಕಾಣದ ಜಾಗ ಆರಿಸಿಕೊಳ್ಳಿ. ಮೊದಲ ಕಡ್ಡಿಗೆ ನೀರು, ಎರಡನೆಯದಕ್ಕೆ ವೈಟ್ ಸ್ಪಿರಿಟ್, ಮೂರನೆಯದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್. ಒಂದೊಂದನ್ನೂ ನಾಲ್ಕೈದು ಸಲ ಮೆಲ್ಲಗೆ ತಿಕ್ಕಿ. ನೀರಿಗೇ ಬಣ್ಣ ಬಂದರೆ ಅದು ಒಣಗದ ಅಕ್ರಿಲಿಕ್, ಇಲ್ಲವೇ ಕೆಳಗೆ ಹೇರ್‌ಸ್ಪ್ರೇ ಇದೆ. ವೈಟ್ ಸ್ಪಿರಿಟ್‌ಗೆ ಬಂದರೆ ಇನಾಮೆಲ್ ಅಥವಾ ಆಯಿಲ್. ಆಲ್ಕೋಹಾಲಿಗೆ ಬಂದರೆ ಅಕ್ರಿಲಿಕ್. ಮೂರಕ್ಕೂ ಜಗ್ಗದಿದ್ದರೆ ಹೆಚ್ಚಾಗಿ ಲ್ಯಾಕರ್. ಲ್ಯಾಕರ್ ಥಿನ್ನರ್ ಮಾತ್ರ ಈ ಪರೀಕ್ಷೆಗೆ ತರಬೇಡಿ. ಅದು ಎಲ್ಲವನ್ನೂ ಕರಗಿಸುತ್ತದೆ, ಪ್ಲಾಸ್ಟಿಕ್ಕನ್ನೂ ಬಿಡುವುದಿಲ್ಲ.

ಕಿಟಕಿ ತೆಗೆದಿಡಿ. ಪಿಗ್ಮೆಂಟ್ ಪುಡಿ ಉದುರಿಸುವಾಗ ಮಾಸ್ಕ್ ಹಾಕಿ. ಹೇರ್‌ಸ್ಪ್ರೇ ಹತ್ತಿರ ಬೆಂಕಿ ಬೇಡ.

ವಾಶ್ ಒಣಗಿದ ಮೇಲೆ ಉಂಗುರದ ಹಾಗೆ ಕಲೆ ಉಳಿದಿದೆ

ಅತಿ ಹೆಚ್ಚು ಜನರಿಗೆ ಬರುವ ತೊಂದರೆ ಇದು. ಬೋಲ್ಟ್ ಸುತ್ತ ಕಂದು ವಾಶ್ ಬಿಟ್ಟಿರುತ್ತೀರಿ. ಒಣಗಿದಾಗ ಬೋಲ್ಟ್ ಬುಡ ಮಾಮೂಲಿನಂತಿದೆ, ಆದರೆ ಐದಾರು ಮಿಲಿಮೀಟರ್ ದೂರದಲ್ಲಿ ಗಾಢವಾದ ಒಂದು ಅಂಚು. ನೆಲದ ಮೇಲೆ ಚೆಲ್ಲಿದ ಕೊಳೆನೀರು ಒಣಗಿದಾಗ ಉಳಿಯುವ ಗೆರೆ ಇದೆಯಲ್ಲ, ಅದೇ.

ಮ್ಯಾಟ್ ಬಣ್ಣವನ್ನು ಭೂತಗನ್ನಡಿಯಲ್ಲಿ ನೋಡಿ. ಅದು ಮರಳು ಕಾಗದದ ಹಾಗೆ ಒರಟಾಗಿರುತ್ತದೆ. ಆ ಒರಟಿನ ಸಂದುಗಳಲ್ಲಿ ವಾಶ್ ಹರಡುತ್ತಾ ಹೋಗುತ್ತದೆ. ಅಂಚು ಮೊದಲು ಒಣಗುತ್ತದೆ, ಒಳಗಿನ ದ್ರವ ಬಣ್ಣವನ್ನು ಅಲ್ಲಿಗೇ ಹೊತ್ತು ತಂದು ಬಿಡುತ್ತದೆ. ನುಣುಪಾದ ವಾರ್ನಿಷ್ ಮೇಲಾದರೆ ಅದೇ ವಾಶ್ ಸಂದುಗೊಂದಿ ಹುಡುಕಿಕೊಂಡು ಬೋಲ್ಟ್ ಬುಡಕ್ಕೇ ಓಡುತ್ತದೆ.

ಸರಿಮಾಡಲು ಚಪ್ಪಟೆ ಬ್ರಷ್ ತೆಗೆದುಕೊಳ್ಳಿ. ವೈಟ್ ಸ್ಪಿರಿಟ್‌ನಲ್ಲಿ ಅದ್ದಿ, ಕಾಗದದ ಮೇಲೆ ಪೂರ್ತಿ ಒರೆಸಿ. ಬ್ರಷ್ ಒದ್ದೆ ಇರಬಾರದು, ತುಸು ತೇವವಿರಬೇಕು ಅಷ್ಟೇ. ಕಲೆಯ ಹೊರ ಅಂಚಿನಿಂದ ಬೋಲ್ಟ್ ಕಡೆಗೆ, ಇಲ್ಲವೇ ಮೇಲಿನಿಂದ ಕೆಳಕ್ಕೆ ಎಳೆಯಿರಿ. ಪ್ರತಿ ಎಳೆತಕ್ಕೂ ಬ್ರಷ್ ಒರೆಸಿಕೊಳ್ಳಿ. ಒದ್ದೆ ಬ್ರಷ್ ಇಟ್ಟರೆ ಹಳೆಯ ಉಂಗುರದ ಹೊರಗೆ ಹೊಸ ಉಂಗುರ ಹುಟ್ಟುತ್ತದೆ.

ಮುಂದಿನ ಸಲಕ್ಕೆ ವಾಶ್‌ಗೆ ಮೊದಲು ಹೊಳಪು ಅಥವಾ ಅರೆಹೊಳಪಿನ ವಾರ್ನಿಷ್ ಹೊಡೆದು, ಅದು ಪೂರ್ತಿ ಒಣಗುವವರೆಗೆ ಬಿಡಿ. ತೀರಾ ಕನ್ನಡಿಯಂತೆ ಹೊಳೆಯುವ ಮೇಲ್ಮೈಯೂ ಬೇಡ. ಅದರ ಮೇಲೆ ತೆಳು ವಾಶ್ ನಿಲ್ಲದೆ ಹನಿಗಟ್ಟುತ್ತದೆ. ನನ್ನ ಕೈಗೆ ಅರೆಹೊಳಪೇ ಚೆನ್ನಾಗಿ ಒಗ್ಗಿದೆ.

ವಾಶ್ ಹಾಕುವಾಗ ಕೆಳಗಿನ ಬಣ್ಣವೇ ಎದ್ದು ಬಂತು

ಎರಡೂ ಪದರಗಳು ಒಂದೇ ದ್ರವದಲ್ಲಿ ಕರಗುತ್ತಿವೆ, ಬೇರೇನಿಲ್ಲ. ಇನಾಮೆಲ್ ಬಣ್ಣದ ಮೇಲೆ ಇನಾಮೆಲ್ ವಾಶ್ ಹಾಕಿದರೆ ಹೀಗಾಗುತ್ತದೆ. ತಮಿಯಾ ಕಂಪನಿಯ ಎಕ್ಸ್‌ಎಫ್ ತರಹದ ಅಕ್ರಿಲಿಕ್ ಮೇಲೆ ಪಿಗ್ಮೆಂಟ್ ಹಿಡಿಸಲು ಆಲ್ಕೋಹಾಲ್ ಬಿಟ್ಟರೂ ಹೀಗೇ, ಯಾಕೆಂದರೆ ಆ ಬಣ್ಣ ಒಣಗಿ ಎಷ್ಟು ದಿನವಾದರೂ ಆಲ್ಕೋಹಾಲಿಗೆ ಬಿಟ್ಟುಕೊಡುತ್ತದೆ. ಎರಡರ ಮಧ್ಯೆ ಬೇರೆ ಜಾತಿಯ ವಾರ್ನಿಷ್ ಇರಬೇಕು. ಎದ್ದು ಬಂದ ಜಾಗವನ್ನು ಒಣಗಲು ಬಿಟ್ಟು, ಅಂಚನ್ನು 1000 ನಂಬರಿನ ಮರಳು ಕಾಗದದಿಂದ ಸವರಿ, ಬಣ್ಣ ತಾಗಿಸಿ. ಆ ಜಾಗದಲ್ಲೇ ಒಂದು ಚಿಪ್ಪಿಂಗ್, ಅಂದರೆ ಬಣ್ಣ ಚಕ್ಕೆ ಎದ್ದ, ಗುರುತು ಮಾಡಿದರೂ ನಡೆಯುತ್ತದೆ, ಅಲ್ಲಿ ನಿಜವಾಗಿ ಬಣ್ಣ ಸವೆಯುವಂತಿದ್ದರೆ ಮಾತ್ರ.

ಪ್ಲಾಸ್ಟಿಕ್ಕೇ ಮುರಿದು ಬಂತು

ನನ್ನ ಒಂದು 1:35 ಅಳತೆಯ, ಅಂದರೆ ನಿಜದ 35ನೇ ಒಂದರಷ್ಟು ಗಾತ್ರದ, ಟ್ಯಾಂಕಿನ ಅಡಿಭಾಗಕ್ಕೆ ರಾತ್ರಿ ಕೆಸರು ಬಣ್ಣದ ವಾಶ್ ಧಾರಾಳವಾಗಿ ಬಿಟ್ಟಿದ್ದೆ. ಬೆಳಿಗ್ಗೆ ಎತ್ತಿದಾಗ ಎರಡನೇ ಚಕ್ರ ಮೇಜಿನ ಮೇಲೇ ಉಳಿಯಿತು. ಚಕ್ರ ಹಿಡಿದಿದ್ದ ತೋಳು ನಡುವಿಗೆ ತುಂಡಾಗಿತ್ತು. ಭೂತಗನ್ನಡಿ ಹಿಡಿದು ನೋಡಿದೆ. ಬಗ್ಗಿಸಿ ಮುರಿದ ಪ್ಲಾಸ್ಟಿಕ್ಕಿನ ಅಂಚು ಬಿಳಿಚಿಕೊಂಡಿರುತ್ತದೆ, ಎಳೆದಂತಿರುತ್ತದೆ. ಇದು ಗಾಜು ಒಡೆದ ಹಾಗೆ ನೇರವಾಗಿತ್ತು. ಮುರಿದ ಮುಖದ ಒಳಗೆಲ್ಲ ಕಂದು ಬಣ್ಣ ಇಳಿದಿತ್ತು.

ಒಳಗೆ ಕಂದು ಬಣ್ಣ ಇದ್ದದ್ದೇ ಸಾಕ್ಷಿ. ಬಿರುಕು ಮೊದಲೇ ಬಿಟ್ಟಿದೆ, ವಾಶ್ ಒಳಗೆ ಹೋಗಿದೆ. ಪಾಲಿಸ್ಟೈರೀನ್, ಅಂದರೆ ಮಾಡೆಲ್ ಪ್ಲಾಸ್ಟಿಕ್ಕಿನ, ಭಾಗವನ್ನು ಸ್ವಲ್ಪ ಬಗ್ಗಿಸಿ, ಒತ್ತಿ ಕೂರಿಸಿದ್ದರೆ ಅದರೊಳಗೆ ಬಿಗಿತ ಉಳಿದಿರುತ್ತದೆ. ಅಂಥ ಜಾಗದಲ್ಲಿ ವೈಟ್ ಸ್ಪಿರಿಟ್ ತುಂಬಾ ಹೊತ್ತು ನಿಂತರೆ ಬಿಗಿತವಿದ್ದ ಕಡೆ ಬಿರುಕು ಬಿಡುತ್ತದೆ. ಬಣ್ಣ ತಲುಪದ ಒಳಮೈ, ಕೀಲು, ಚಕ್ರದ ಹಿಂಭಾಗ, ಇವೇ ಮೊದಲು ಹೋಗುವುದು.

ಮುರಿದದ್ದನ್ನು ಎರಡು ದಿನ ಗಾಳಿಗೆ ಬಿಡಿ. ಥಿನ್ನರ್ ಪೂರ್ತಿ ಹಾರಿಹೋದ ಮೇಲೆ ಎರಡೂ ಮುಖಕ್ಕೆ 0.5 ಮಿ.ಮೀ. ತೂತು ಕೊರೆದು, ಹಿತ್ತಾಳೆ ತಂತಿ ಕೂರಿಸಿ, ಸೂಪರ್ ಗ್ಲೂ ಹಾಕಿ. ಬರೀ ಅಂಟು ನಂಬಬೇಡಿ. ಇನ್ನು ಮುಂದೆ ಅಡಿಭಾಗಕ್ಕೂ ಪ್ರೈಮರ್, ವಾರ್ನಿಷ್ ತಪ್ಪಿಸಬೇಡಿ. ವಾಶ್ ಗುಂಡಿ ಕಟ್ಟಿದರೆ ಕಾಗದದ ಮೂಲೆ ತಾಗಿಸಿ ಹೀರಿಸಿಬಿಡಿ.

ಹೇರ್‌ಸ್ಪ್ರೇ ಹಾಕಿದೆ, ಆದರೂ ಬಣ್ಣ ಚಕ್ಕೆ ಏಳುತ್ತಿಲ್ಲ

ಈ ವಿಧಾನದ ಒಳಗುಟ್ಟು ಸರಳ. ಕೆಳಗೆ ತುಕ್ಕಿನ ಬಣ್ಣ, ಅದರ ಮೇಲೆ ವಾರ್ನಿಷ್, ಅದರ ಮೇಲೆ ಹೇರ್‌ಸ್ಪ್ರೇ, ಎಲ್ಲಕ್ಕಿಂತ ಮೇಲೆ ವಾಹನದ ಅಕ್ರಿಲಿಕ್ ಬಣ್ಣ. ನೀರು ಹಚ್ಚಿದಾಗ ಅದು ಮೇಲಿನ ಬಣ್ಣದ ಮೂಲಕ ಇಳಿದು ಹೇರ್‌ಸ್ಪ್ರೇಯನ್ನು ಮೆತ್ತಗೆ ಮಾಡುತ್ತದೆ. ಆಗ ಬ್ರಷ್ ತಿಕ್ಕಿದ ಕಡೆ ಬಣ್ಣ ಬಿಡುತ್ತದೆ. ಅಂದರೆ ನೀರು ಇಳಿಯಲು ದಾರಿ ಇರಬೇಕು. ಈ ವಿಧಾನದ ಹೆಚ್ಚಿನ ದೋಷಗಳಿಗೆ ಆ ದಾರಿ ಮುಚ್ಚಿರುವುದು, ಇಲ್ಲವೇ ಜಾಸ್ತಿ ತೆರೆದಿರುವುದು ಕಾರಣ.

ಏನೂ ಏಳುತ್ತಿಲ್ಲವೇ? ಮೇಲಿನ ಬಣ್ಣ ದಪ್ಪವಾಗಿದೆ, ಅಥವಾ ಹೊಡೆದು ದಿನಗಳಾಗಿವೆ. ಮೇಲಿನ ಬಣ್ಣಕ್ಕೆ ಲ್ಯಾಕರ್ ಥಿನ್ನರ್ ಅಥವಾ ಆಲ್ಕೋಹಾಲ್ ಬೆರೆಸಿದ್ದರೂ ಹೀಗಾಗುತ್ತದೆ. ಅವು ಹೇರ್‌ಸ್ಪ್ರೇಯನ್ನು ಹೊಡೆಯುವಾಗಲೇ ಕರಗಿಸಿ ಬಣ್ಣಕ್ಕೆ ಬೆರೆಸಿಬಿಡುತ್ತವೆ. ಬೆಚ್ಚಗಿನ ನೀರು ಹಚ್ಚಿ ಎರಡು ಮೂರು ನಿಮಿಷ ಬಿಟ್ಟು ನೋಡಿ. ಮೋಟು ಕೂದಲಿನ ಬ್ರಷ್ ಅನ್ನು ಕುಟ್ಟುವಂತೆ ಬಳಸಿ. ಆದರೂ ಆಗದಿದ್ದರೆ ಹಲ್ಲುಕಡ್ಡಿಯ ತುದಿಯಿಂದ ಒಂದೆರಡು ಕಡೆ ಗೀರಿ ನೀರಿಗೆ ಬಾಗಿಲು ಮಾಡಿಕೊಡಿ. ಅಲ್ಲಿಂದ ಮುಂದೆ ಬ್ರಷ್ ಕೆಲಸ ಮಾಡುತ್ತದೆ.

ಬಣ್ಣ ಸಿಪ್ಪೆ ಸುಲಿದ ಹಾಗೆ ದೊಡ್ಡ ತುಂಡಾಗಿ ಬರುತ್ತಿದೆಯೇ? ಪಾಲಿಯುರೆಥೇನ್ ಅಥವಾ ವಿನೈಲ್ ಇರುವ ಅಕ್ರಿಲಿಕ್ ಬಣ್ಣಗಳು ಒಣಗಿದಾಗ ರಬ್ಬರಿನಂಥ ಪೊರೆಯಾಗುತ್ತವೆ. ಅವು ಚಕ್ಕೆ ಏಳುವುದಿಲ್ಲ, ಹಾಳೆಯಾಗಿ ಏಳುತ್ತವೆ. ನೀರಿನಲ್ಲಿ ತೆಳು ಮಾಡಿದ ತಮಿಯಾ ಅಕ್ರಿಲಿಕ್ ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ, ಅದರ ಚಕ್ಕೆ ಸಣ್ಣದಾಗಿ, ಅಂಚು ಚೂಪಾಗಿ ಬರುತ್ತದೆ. ಈಗಾಗಲೇ ಪೊರೆ ಬಣ್ಣ ಹೊಡೆದಾಗಿದ್ದರೆ ತಿಕ್ಕುವುದು ನಿಲ್ಲಿಸಿ. ಎದ್ದ ಅಂಚುಗಳನ್ನು ಹೊಸ ಬ್ಲೇಡಿನಿಂದ ಕತ್ತರಿಸಿ, ಉಳಿದ ಗುರುತುಗಳನ್ನು ಸ್ಪಂಜಿನಿಂದ ಮಾಡಿ.

ಮುಟ್ಟುವ ಮೊದಲೇ ಮೇಲ್ಮೈ ಪೂರ್ತಿ ಬಿರುಕು ಬಿಟ್ಟಿದ್ದರೆ ಹೇರ್‌ಸ್ಪ್ರೇ ಜಾಸ್ತಿಯಾಗಿದೆ. ಎರಡು ತೆಳು ಪದರ ಸಾಕು, ಅದು ಒಣಗಿದ ಮೇಲೇ ಬಣ್ಣ. ಒಣಗಿದ ಕೆರೆಯಂಗಳದಂತಾದ ಆ ಮೇಲ್ಮೈಯನ್ನು ಉಳಿಸಲು ನೋಡಬೇಡಿ. ನೀರಿನಲ್ಲಿ ತೊಳೆದರೆ ಮೇಲಿನ ಎರಡೂ ಪದರ ಹೋಗುತ್ತವೆ. ಕೆಳಗಿನ ತುಕ್ಕಿನ ಬಣ್ಣಕ್ಕೆ ವಾರ್ನಿಷ್ ಹೊಡೆದಿದ್ದರೆ ಅದು ಹಾಗೇ ಉಳಿದಿರುತ್ತದೆ. ವಾರ್ನಿಷ್ ಹೊಡೆಯದೇ ಇದ್ದವರಿಗೆ ಪ್ರೈಮರ್ ಕಾಣಲೂಬಹುದು.

ಚಕ್ಕೆ ಚೆನ್ನಾಗಿ ಬಂತು, ಆದರೆ ಎರಡು ದಿನ ಬಿಟ್ಟು ನೀರಿನ ವಾಶ್ ಹಾಕಿದಾಗ ಮತ್ತೆ ಬಣ್ಣ ಬಿಡಲು ಶುರುವಾಯಿತು ಎಂದರೆ, ಒಳಗೆ ಹೇರ್‌ಸ್ಪ್ರೇ ಇನ್ನೂ ಜೀವಂತವಾಗಿದೆ. ಚಿಪ್ಪಿಂಗ್ ಮುಗಿದು ಒಣಗಿದ ಮೇಲೆ ವಾರ್ನಿಷ್ ಹೊಡೆದು ಆ ಬಾಗಿಲು ಮುಚ್ಚಬೇಕು.

ಎಲ್ಲ ಸರಿ ಇದೆ, ಆದರೆ ತುಕ್ಕು ಆಟಿಕೆಯ ಬಣ್ಣದಂತಿದೆ

ಇಲ್ಲಿ ದೋಷ ಬಣ್ಣದ ಪದರದ್ದಲ್ಲ, ನೋಟದ್ದು. ಹಳೆಯ ಕಬ್ಬಿಣದ ಗೇಟಿನ ಒಂದು ಬೋಲ್ಟ್ ಹತ್ತಿರ ಕಣ್ಣಿಟ್ಟು ನೋಡಿ. ಬೋಲ್ಟ್ ತಲೆ ಹೆಚ್ಚುಕಡಿಮೆ ಕಪ್ಪು ಕಂದು. ಅದರ ಬುಡದಲ್ಲಿ, ನೀರು ನಿಲ್ಲುವ ಕಡೆ, ಕಿತ್ತಳೆ ಬಣ್ಣದ ಸಣ್ಣ ಪುಡಿ. ಸುತ್ತ ಬಣ್ಣ ಉಬ್ಬಿ ಎದ್ದಿದೆ, ಯಾಕೆಂದರೆ ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ, ಬಣ್ಣವನ್ನು ಒಳಗಿನಿಂದ ದೂಡುತ್ತದೆ. ಬೋಲ್ಟಿನ ಕೆಳಗೆ ಒಂದು ತೆಳು ಕಂದು ಗೆರೆ. ಅದು ಕೆಳಗಿಳಿದಂತೆ ಮಾಸಿ ಇಲ್ಲವಾಗುತ್ತದೆ. ಆ ಇಡೀ ನೋಟದಲ್ಲಿ ಉಜ್ವಲ ಕಿತ್ತಳೆ ಇರುವುದು ಚಿಟಿಕೆಯಷ್ಟು.

ನಾವು ಮಾಡುವುದು ಉಲ್ಟಾ. ಕಿತ್ತಳೆಯಿಂದ ಶುರುಮಾಡಿ ಎಲ್ಲ ಕಡೆ ಅದನ್ನೇ ಹಚ್ಚುತ್ತೇವೆ. ಸರಿಪಡಿಸಲು ಕಿತ್ತುಹಾಕಬೇಕಿಲ್ಲ. ಬರ್ನ್ಟ್ ಅಂಬರ್ ಎಂಬ ಗಾಢ ಕಂದು ಆಯಿಲ್ ಬಣ್ಣವನ್ನು ವೈಟ್ ಸ್ಪಿರಿಟ್‌ನಲ್ಲಿ ಕೊಳೆನೀರಿನಷ್ಟು ತೆಳು ಮಾಡಿ ಇಡೀ ತುಕ್ಕಿನ ಮೇಲೆ ಹರಡಿ. ಕೆಳಗೆ ವಾರ್ನಿಷ್ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ. ಕಿತ್ತಳೆ ತಗ್ಗಿ ಹಿಂದಕ್ಕೆ ಸರಿಯುತ್ತದೆ. ಒಣಗಿದ ಮೇಲೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣವನ್ನು ಅಲ್ಲಲ್ಲಿ ಚುಕ್ಕೆ ಇಟ್ಟು ಒಣ ಬ್ರಷ್‌ನಿಂದ ಕುಟ್ಟಿ ಹರಡಿ. ಕೊನೆಗೆ, ನೀರು ನಿಲ್ಲುವ ಎರಡು ಮೂರು ಕಡೆ ಮಾತ್ರ ತಿಳಿ ಕಿತ್ತಳೆ ಪುಡಿ ಮುಟ್ಟಿಸಿ.

ಹಾಗೇ ಪ್ರತಿ ಭಾಗಕ್ಕೂ ಕೇಳಿಕೊಳ್ಳಿ: ನಿಜದಲ್ಲಿ ಇದು ಯಾವ ವಸ್ತು? ವಿಮಾನದ ಹೊರ ಹೊದಿಕೆ ಹೆಚ್ಚಾಗಿ ಅಲ್ಯೂಮಿನಿಯಂ. ಅದಕ್ಕೆ ಕಂದು ತುಕ್ಕು ಬರುವುದಿಲ್ಲ, ಬೂದು ಬಿಳಿ ಮಂಕು ಬರುತ್ತದೆ. ಟ್ಯಾಂಕಿನ ಎಕ್ಸಾಸ್ಟ್ ಕೊಳವೆಯಲ್ಲಿ ಬಿಸಿಗೆ ಬಣ್ಣ ಸುಟ್ಟುಹೋಗಿರುತ್ತದೆ, ಅಲ್ಲಿ ಮೈತುಂಬ ತುಕ್ಕು ಸರಿ. ಚಕ್ರದ ಮೇಲಿನ ತೆಳು ತಗಡು ತುಕ್ಕು ಹಿಡಿದು ತೂತಾಗಬಹುದು, ದಪ್ಪ ಕವಚದ ತಗಡು ಹಾಗಾಗುವುದಿಲ್ಲ. ಟ್ಯಾಂಕಿನ ಚಕ್ರಗಳನ್ನು ಬಳಸಿ ಓಡುವ ಸರಪಳಿ, ಅಂದರೆ ಟ್ರ್ಯಾಕ್, ಬಹುಬೇಗ ತುಕ್ಕು ಹಿಡಿಯುತ್ತದೆ, ಆದರೆ ಓಡುವ ಬಂಡಿಯಲ್ಲಿ ನೆಲಕ್ಕೆ ಉಜ್ಜುವ ಏಣುಗಳು ಬೆಳ್ಳಗೆ ಹೊಳೆಯುತ್ತಿರುತ್ತವೆ. ಹಡಗಿನ ಕಂಟೇನರ್‌ಗಳನ್ನು ಹೆಚ್ಚಾಗಿ ಕಾರ್ಟೆನ್ ಉಕ್ಕಿನಲ್ಲಿ ಮಾಡುತ್ತಾರೆ. ಅದರ ಮೇಲೆ ಗಾಢ ಕಂದು ಪೊರೆ ಗಟ್ಟಿಯಾಗಿ ಕೂತು ಮುಂದಿನ ತುಕ್ಕನ್ನು ನಿಧಾನಿಸುತ್ತದೆ. ಅಲ್ಲಿ ಪುಡಿ ಕಿತ್ತಳೆ ಜಾಸ್ತಿ ಹಾಕಿದರೆ ಸುಳ್ಳು ಅನಿಸುತ್ತದೆ, ಅಲ್ವಾ?

ಚಕ್ಕೆ ಗುರುತುಗಳು ಚಿರತೆಯ ಚುಕ್ಕೆಯಂತಿವೆ

ಅಳತೆ ತಪ್ಪಿದೆ. 1:35ರಲ್ಲಿ 1 ಮಿ.ಮೀ. ಗುರುತು ನಿಜದಲ್ಲಿ 3.5 ಸೆಂ.ಮೀ. 1:72ರಲ್ಲಿ ಅದೇ 7.2 ಸೆಂ.ಮೀ. 1:700 ಹಡಗಿನಲ್ಲಿ 70 ಸೆಂ.ಮೀ., ಅಂದರೆ ಒಂದು ಬಾಗಿಲಿನ ಅಗಲದಷ್ಟು ಬಣ್ಣ ಕಿತ್ತುಹೋದ ಹಾಗೆ. ಸಣ್ಣ ಸ್ಕೇಲಿನಲ್ಲಿ ಚಿಪ್ಪಿಂಗ್ ಬಿಟ್ಟು ಬರೀ ಬಣ್ಣದ ಛಾಯೆ ಬದಲಾಯಿಸುವುದೇ ಮೇಲು.

ಈಗಾಗಲೇ ದೊಡ್ಡದಾಗಿದ್ದರೆ ಅಳಿಸಬೇಡಿ. ವಾಹನದ ಮೂಲ ಬಣ್ಣವನ್ನು ಚೂಪು ಬ್ರಷ್‌ನಲ್ಲಿ ತೆಗೆದುಕೊಂಡು ಗುರುತಿನ ಒಳಗಿನಿಂದ ಕಚ್ಚುತ್ತಾ ಬನ್ನಿ. ಒಂದು ದೊಡ್ಡ ಚುಕ್ಕೆ ಮೂರು ಮುರುಕು ಗುರುತಾಗಿ ಒಡೆಯುತ್ತದೆ. ಸ್ಪಂಜು ಬಳಸುವವರು ಬಣ್ಣವನ್ನು ಕಾಗದದ ಮೇಲೆ ಒತ್ತಿ ಒತ್ತಿ, ಇನ್ನು ಏನೂ ಮೂಡುತ್ತಿಲ್ಲ ಎನ್ನುವ ಹೊತ್ತಿಗೆ ಮಾಡೆಲ್‌ಗೆ ತಾಗಿಸಿ. ಜಾಗವೂ ಮುಖ್ಯ. ಕಾಲಿಡುವ, ಕೈ ಹಿಡಿಯುವ, ತಗಲುವ ಅಂಚುಗಳಲ್ಲೇ ಬಣ್ಣ ಹೋಗುವುದು.

ಇಳಿಗೆರೆಗಳು ಬರೆದ ಗೆರೆಯಂತೆ ಕಾಣುತ್ತಿವೆ

ತುಕ್ಕು, ಕೊಳೆ ನೀರಿನೊಂದಿಗೆ ಇಳಿದ ಗೆರೆಗೆ ಮೇಲಿನಿಂದ ಕೆಳಗಿನವರೆಗೂ ಒಂದೇ ಅಗಲ, ಒಂದೇ ಗಾಢತೆ ಇದ್ದರೆ ಹೀಗಾಗುತ್ತದೆ. ಗೆರೆ ಅರ್ಧ ಒಣಗಿದಾಗ, ಅಂದರೆ ಹೊಳಪು ಹೋದ ಕೂಡಲೇ, ತುಸು ತೇವವಿರುವ ಚಪ್ಪಟೆ ಬ್ರಷ್‌ನ ಅಂಚಿನಿಂದ ಎರಡೂ ಬದಿಯನ್ನು ಸವೆಸಿ, ಬಾಲವನ್ನು ಕೆಳಕ್ಕೆ ಎಳೆದು ಮಾಸಿಸಿ. ಓರೆ ತಗಡಿನ ಮೇಲೆ ಗೆರೆ ಎತ್ತ ಹೋಗಬೇಕು ಎಂದು ಗೊತ್ತಾಗದಿದ್ದರೆ ಮಾಡೆಲ್ ಅನ್ನು ಮೇಜಿನ ಮೇಲೆ ಸರಿಯಾಗಿ ಕೂರಿಸಿ ನೋಡಿ. ಕೈಯಲ್ಲಿ ತಿರುಗಿಸಿ ಹಿಡಿದು ಎಳೆದಾಗಲೇ ದಿಕ್ಕು ತಪ್ಪುವುದು.

ಆಯಿಲ್ ಬಣ್ಣ ಒಣಗಿಯೂ ಹೊಳೆಯುತ್ತಿದ್ದರೆ ಅದರಲ್ಲಿ ಎಣ್ಣೆ ಜಾಸ್ತಿ ಇದೆ. ಬಣ್ಣವನ್ನು ಟ್ಯೂಬಿನಿಂದ ರಟ್ಟಿನ ತುಂಡಿನ ಮೇಲೆ ಹಿಂಡಿ ಒಂದೆರಡು ಗಂಟೆ ಬಿಡಿ. ಎಣ್ಣೆ ರಟ್ಟಿಗೆ ಇಳಿದು ಸುತ್ತ ಕಲೆಯಾಗುತ್ತದೆ. ಉಳಿದದ್ದು ಮ್ಯಾಟ್ ಆಗಿ ಒಣಗುತ್ತದೆ, ಬೇಗನೂ ಒಣಗುತ್ತದೆ.

ಕೊನೆಯ ಮ್ಯಾಟ್ ವಾರ್ನಿಷ್ ಹೊಡೆದಾಗ ಬಿಳಿ ಮಂಜು ಬಂತು, ಪಿಗ್ಮೆಂಟ್ ಮಾಯವಾಯಿತು

ಎರಡೂ ಒಟ್ಟಿಗೆ ಬರುವುದು ಹೆಚ್ಚು, ಆದರೆ ಕಾರಣ ಬೇರೆ ಬೇರೆ. ಮಂಜಿಗೆ ಗಾಳಿಯ ತೇವ ಒಂದು ಕಾರಣ. ಮಳೆ ಹಿಡಿದ ದಿನ ಸ್ಪ್ರೇ ವಾರ್ನಿಷ್ ಹೊಡೆಯಬೇಡಿ. ಇನ್ನೊಂದು ಕಾರಣ, ಬಾಟಲಿಯ ತಳದಲ್ಲಿ ಕೂತ ಮ್ಯಾಟ್ ಪುಡಿ ಸರಿಯಾಗಿ ಬೆರೆಯದೇ ಇರುವುದು. ಮಂಜಿನ ಜಾಗಕ್ಕೆ ಹೊಳಪು ವಾರ್ನಿಷ್ ತೆಳುವಾಗಿ ಹೊಡೆದು ನೋಡಿ. ಬಹಳ ಸಲ ಮಂಜು ಹೋಗಿ ಕೆಳಗಿನ ಬಣ್ಣ ಮತ್ತೆ ಕಾಣುತ್ತದೆ. ಆಮೇಲೆ ಒಣ ಹವೆ ಇರುವ ದಿನ, ಬಾಟಲಿ ಚೆನ್ನಾಗಿ ಅಲ್ಲಾಡಿಸಿ, ಮತ್ತೆ ಮ್ಯಾಟ್ ಹೊಡೆಯಿರಿ.

ಪಿಗ್ಮೆಂಟ್ ಮಾಯವಾದದ್ದು ಮಾತ್ರ ಪದರಗಳ ಸರದಿ ತಪ್ಪಿದ್ದಕ್ಕೆ. ಪುಡಿ ತಿಳಿಯಾಗಿ ಕಾಣುವುದು ಅದರ ಕಣಗಳ ನಡುವೆ ಗಾಳಿ ಇರುವವರೆಗೆ. ವಾರ್ನಿಷ್ ಆ ಸಂದನ್ನೆಲ್ಲ ತುಂಬಿದರೆ ಅದು ಒದ್ದೆ ಮಣ್ಣಿನಂತೆ ಕಪ್ಪಾಗುತ್ತದೆ, ಸ್ಪ್ರೇಯ ಗಾಳಿಗೆ ಅರ್ಧ ಹಾರಿಯೂ ಹೋಗುತ್ತದೆ. ಮ್ಯಾಟ್ ವಾರ್ನಿಷ್ ಮೊದಲು, ಪಿಗ್ಮೆಂಟ್ ಆಮೇಲೆ. ಪುಡಿಯನ್ನು ಒಣದಾಗಿಯೇ ಇಟ್ಟು, ಪಕ್ಕದಲ್ಲಿ ಬ್ರಷ್‌ನಿಂದ ವೈಟ್ ಸ್ಪಿರಿಟ್ ಒಂದು ಹನಿ ಮುಟ್ಟಿಸಿ, ಅದೇ ಇಂಗಿಕೊಂಡು ಪುಡಿಯ ಕೆಳಗೆ ಹೋಗಲಿ. ಒಣಗಿದ ಮೇಲೆ ಆ ಹಿಡಿತ ಶೋಕೇಸಿನಲ್ಲಿಡುವ ಮಾಡೆಲ್‌ಗೆ ಸಾಕು. ಬೆರಳು ತಾಗುವ ಕಡೆ ಪುಡಿ ಇಡಬೇಡಿ, ಎತ್ತುವಾಗ ಅಡಿಯಿಂದ ಹಿಡಿಯಿರಿ.